ಮೂರನೆಯ ನಂಬರಿನ ಕಲ್ಲು

ಕ್ರಮ ತಪ್ಪಿ ಬಿದ್ದ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಗುಣವೋ ರೋಗವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಗುಣವೆಂಬುದು ನನ್ನದು, ಇನ್ನೊಂದು ಉಳಿದವರೆಲ್ಲರದು. ರಾಣೆಬೆನ್ನೂರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಐವತ್ತಮೂರನೆಯ ವಯಸ್ಸಿನಲ್ಲಿ ಸ್ವಯಂನಿವೃತ್ತಿ ಪಡೆದು ಮನೆಗೆ ಬಂದವನು ನಾನು. ತರಗತಿಯ ಹೊರಗೆ ವಿದ್ಯಾರ್ಥಿಗಳ ಚಪ್ಪಲಿಗಳು ಗೋಡೆಗೆ ಹಿಮ್ಮಡಿ ತಾಗಿಸಿ, ಜೋಡಿ ಜೋಡಿಯಾಗಿ, ಒಂದೇ ರೇಖೆಯಲ್ಲಿ ನಿಲ್ಲುವವರೆಗೆ ನಾನು ಪಾಠ ಆರಂಭಿಸುತ್ತಿರಲಿಲ್ಲ. ಮೇಜಿನ ಮೇಲಿನ ಸೀಮೆಸುಣ್ಣದ ತುಂಡುಗಳನ್ನು ಎತ್ತರಕ್ಕೆ ತಕ್ಕಂತೆ ಇರಿಸುತ್ತಿದ್ದೆ. ಒಬ್ಬ ವಿದ್ಯಾರ್ಥಿ ತನ್ನ ತಾಯಿಯ ಮುಂದೆ, ‘ನಮ್ಮ ಸರ್ ಕ್ಲಾಸಿನ್ಯಾಗ ಸೀಮಿಸುಣ್ಣಕ್ಕೂ ನಂಬರ್ ಐತಿ’ ಎಂದು ಹೇಳಿದನಂತೆ. ಆ ಮಾತನ್ನು ನಾನು ಪ್ರಶಂಸೆಯೆಂದು ಸ್ವೀಕರಿಸಿ, ಬಹಳ ದಿನ ಸಂತೋಷವಾಗಿದ್ದೆ.

ನಿವೃತ್ತನಾದ ಎರಡನೆಯ ವಾರದಲ್ಲಿ ನನ್ನ ದೃಷ್ಟಿ ಅಡಿಗೆಮನೆಯ ಮೇಲೆ ಬಿತ್ತು. ಅಲ್ಲಿನ ಡಬ್ಬಿಗಳಿಗೆ ಯಾವ ನಿಯಮವೂ ಇರಲಿಲ್ಲ. ಎತ್ತರದ ಪಕ್ಕದಲ್ಲಿ ಗಿಡ್ಡ, ಹಿತ್ತಾಳೆಯ ಪಕ್ಕದಲ್ಲಿ ಪ್ಲಾಸ್ಟಿಕ್ಕು. ಹೆಂಡತಿ ಸುಮಂಗಲಾ ಸಂತೆಗೆ ಹೋದ ಹೊತ್ತಿನಲ್ಲಿ ಅವುಗಳಿಗೊಂದು ಶಿಸ್ತು ತಂದೆ. ಮರುದಿನ ಬೆಳಗಿನ ಚಹದಲ್ಲಿ ಸಕ್ಕರೆಯ ಸ್ಥಾನವನ್ನು ಉಪ್ಪು ಆಕ್ರಮಿಸಿತ್ತು. ‘ಡಬ್ಬಿ ಮ್ಯಾಲೆ ಹೆಸರು ಬರೆದು ಅಂಟಿಸಿದ್ದೆನಲ್ಲ, ಓದಬಾರದೆ?’ ಎಂದು ಕೇಳಿದೆ. ‘ನಸುಕಿನ್ಯಾಗ ನಾ ಓದ್ಕೋತ ಚಾ ಮಾಡ್ಲೇನ್ರಿ? ನನ್ನ ಕೈಗೆ ಜಾಗಾ ಗೊತ್ತು. ಇನ್ನೊಮ್ಮೆ ನನ್ನ ಡಬ್ಬಿಗೆ ಕೈ ಹಚ್ಚಿದ್ರ ಅಡಗೀನೂ ನೀವ ಮಾಡ್ರಿ’ ಎಂದಳು. ಬುದ್ಧಿವಂತನಾಗಿದ್ದರೆ ನಾನು ಅಲ್ಲಿಗೇ ಪಾಠ ಕಲಿಯುತ್ತಿದ್ದೆ. ಆದರೆ ಇಪ್ಪತ್ತಾರು ವರ್ಷ ಕಲಿಸಿದವನಿಗೆ ಕಲಿಯುವುದು ಸುಲಭವಲ್ಲ.

ಇನ್ನು ನನ್ನ ಅಕ್ಕನ ವಿಷಯ. ಗಿರಿಜವ್ವ ನನಗಿಂತ ಏಳು ವರ್ಷ ದೊಡ್ಡವಳು, ಬ್ಯಾಡಗಿಯಲ್ಲಿದ್ದಾಳೆ. ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಕಾಯಿ ಆರಿಸುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಒಣಗಿದ ಕಾಯಿಯ ರಾಶಿಯ ಮುಂದೆ ಕುಳಿತು ಕಡುಗೆಂಪಿನದನ್ನು ಒಂದು ಕಡೆ, ಸ್ವಲ್ಪ ತಿಳಿಯಾದದ್ದನ್ನು ಇನ್ನೊಂದು ಕಡೆ, ಬಿಳಿಚಿದ್ದನ್ನು ಹಿಂದಕ್ಕೆ ಎಸೆಯುವ ಕೆಲಸ ಅದು. ನಮ್ಮ ನಿಮ್ಮ ಕಣ್ಣಿಗೆ ಎಲ್ಲವೂ ಕೆಂಪೇ. ಅಕ್ಕನಿಗೆ ಮಾತ್ರ ಕೆಂಪಿನಲ್ಲಿ ಏಳೆಂಟು ಬಗೆ ಕಾಣುತ್ತಿದ್ದವು. ಖರೀದಿಗೆ ಬಂದವರು, ‘ಗಿರಿಜವ್ವನ ಕೈಯಾಗ ಹಾದು ಬಂದ ಕಾಯೇನ್ರಿ?’ ಎಂದು ಕೇಳಿ ಚೀಲ ಬಿಚ್ಚದೆ ಒಯ್ಯುತ್ತಿದ್ದ ಕಾಲವಿತ್ತು. ಅಂಥವಳ ಎರಡೂ ಕಣ್ಣುಗಳಿಗೆ ಪೊರೆ ಬಂದಿತು, ಬಲಗಣ್ಣಿಗೆ ಹೆಚ್ಚು. ಕಡುಗೆಂಪಿನ ಚೀಲದಲ್ಲಿ ಬಿಳಿಚಿದ ಕಾಯಿ ಸೇರಿ ಇಡೀ ಚೀಲವೇ ಹಿಂದಿರುಗಿ ಬಂದ ದಿನ ಸಾಹುಕಾರರು ಅವಳನ್ನು ಕರೆದು, ‘ಗಿರಿಜವ್ವಾ, ನಿನ್ನ ಮ್ಯಾಲ ಸಿಟ್ಟಿಲ್ಲ. ಕಣ್ಣ ಮಾಡಿಸ್ಕೊಂಡು ಬಾ. ಸೀಸನ್ ಹತ್ತೂದ್ರೊಳಗ ಬಂದ್ರ ನಿನ್ನ ಜಾಗಾ ನಿಂದ. ಇಲ್ಲಂದ್ರ ಬ್ಯಾರೇದಾಕಿನ್ನ ಕೂಡ್ರಸೂದ ಆಕ್ಕೇತಿ’ ಎಂದರಂತೆ. ಮಾರುಕಟ್ಟೆಗೆ ಹೊಸ ಕಾಯಿಯ ಆವಕ ಜೋರಾಗುವುದು ಸಂಕ್ರಾಂತಿಯ ಸುಮಾರಿಗೆ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಒಂದೂವರೆ ತಿಂಗಳು ಮೆಣಸಿನಕಾಯಿಯ ಘಾಟು ಸೋಕಬಾರದು. ಆದ್ದರಿಂದ ದೀಪಾವಳಿ ಕಳೆಯುತ್ತಲೇ ಚಿಕಿತ್ಸೆಯಾಗಬೇಕು; ತಪ್ಪಿದರೆ ಅಕ್ಕನ ಜಾಗದಲ್ಲಿ ಇನ್ನೊಬ್ಬಳು. ಲೆಕ್ಕ ಇಷ್ಟು ಸ್ಪಷ್ಟವಾಗಿತ್ತು. ನಾನು ಆಧಾರ್, ಪಡಿತರ ಚೀಟಿ, ಹಳೆಯ ಕನ್ನಡಕದ ಚೀಟಿ ಇತ್ಯಾದಿಗಳನ್ನು ಮೂರು ಮೂರು ಪ್ರತಿ ಮಾಡಿಸಿ, ಮೊದಲ ಪುಟದಲ್ಲಿ ಪರಿವಿಡಿಯಿರುವ ಕಡತವೊಂದನ್ನು ಸಿದ್ಧಪಡಿಸಿದೆ. ಅದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದು ಇಲ್ಲಿ ಅಪ್ರಸ್ತುತ.

ಹಾವೇರಿಯ ಕಡೆಗಿರುವ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ದಿನಾಂಕ ದೊರೆಯಿತು. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ತಪ್ಪಿನ ದೊಡ್ಡ ಪಾಲು ಯಾರದೆಂಬುದು ಮುಂದೆ ನಿಮಗೇ ತಿಳಿಯಲಿದೆ. ಚೀಟಿಯ ಮೇಲೆ ಸ್ಫುಟವಾದ ಅಕ್ಷರಗಳಲ್ಲಿ ‘ಗುರುವಾರ, ಬೆಳಿಗ್ಗೆ 8’ ಎಂದು ಬರೆದಿದ್ದರು. ಬರೆದದ್ದನ್ನು ನಂಬುವುದು ನನ್ನ ಜಾತಕದಲ್ಲೇ ಇದೆ. ಗುರುವಾರ ಏಳೂ ಐವತ್ತಕ್ಕೆ ಅಕ್ಕನೊಂದಿಗೆ ಹಾಜರಾದೆ. ಡಾಕ್ಟರು ಹಳ್ಳಿಯೊಂದರ ಶಿಬಿರಕ್ಕೆ ಹೋಗಿದ್ದರು. ಹೊಸ ದಿನಾಂಕ ಬರೆದುಕೊಟ್ಟರು. ಆ ದಿನ ಶಸ್ತ್ರಚಿಕಿತ್ಸೆಯ ಕೋಣೆಯನ್ನು ತೊಳೆಯಲು ಮುಚ್ಚಿದ್ದರು. ಮೂರನೆಯ ಸಲ ಮೇಲಿನಿಂದ ಯಾರೋ ದೊಡ್ಡವರು ಪರಿಶೀಲನೆಗೆ ಬರುವವರಿದ್ದರು. ಹಾಸಿಗೆಗಳ ಮೇಲಿನ ಹೊಸ ಚಾದರ ಮುದುಡಬಾರದೆಂದು ರೋಗಿಗಳನ್ನು ಮನೆಗೆ ಕಳುಹಿಸಲಾಗುತ್ತಿತ್ತು. ಪ್ರತಿ ಸಲವೂ ಸಿಡಿಲು ಬಡಿದವನಂತೆ ನಿಂತವನು ನಾನೊಬ್ಬನೇ. ಉಳಿದವರು ಮದುವೆಯ ಊಟ ಮುಗಿಸಿದವರಂತೆ ಚೀಲ ಎತ್ತಿಕೊಂಡು, ‘ಬರ್ತೇವ್ರಿ ರುದ್ರಪ್ಪಣ್ಣಾ’ ಎಂದು ಹೇಳಿ ಬಸ್ ನಿಲ್ದಾಣದತ್ತ ನಡೆಯುತ್ತಿದ್ದರು.

ರುದ್ರಪ್ಪ ಆ ಕಣ್ಣಿನ ವಿಭಾಗದ ಬಾಗಿಲು ಕಾಯುವವನು; ದಿನಾಂಕಗಳ ವಿಷಯದಲ್ಲಿ ಅವನದೊಂದು ದರ್ಶನವೇ ಇದೆ. ಮೂರನೆಯ ಸಲ ನಾನು ಚೀಟಿಯನ್ನು ಅವನ ಮುಖದ ಮುಂದೆ ಹಿಡಿದು, ‘ಇದನ್ನು ಬರೆದವರು ಯಾರು? ಬರೆದ ಮಾತಿಗೆ ಬೆಲೆಯಿಲ್ಲವೆ?’ ಎಂದು ಗದರಿದೆ.

‘ಮಾಸ್ತರ್ರ, ದಣಿವು ಆರಿಸ್ಕೋರಿ, ನೀರು ಕುಡೀರಿ. ಮುಂದಿನ ವಾರ ಬರ್ರಿ ಅಂತ ಬರದಾರಂದ್ರ ಮುಂದಿನ ವಾರ ಕೆಲಸ ಆಕ್ಕೇತಿ ಅಂತ ಅಲ್ರಿ ಅದು. ಈ ವಾರ ಆಗೂದಿಲ್ಲ ಅಂತ.’

‘ಹಾಗಾದರೆ ಆಗುವುದು ಯಾವಾಗ?’

‘ಅದು ಆದಮ್ಯಾಲ ಗೊತ್ತಾಕ್ಕೇತ್ರಿ.’

ಚೀಟಿಯನ್ನು ಮಡಚಿ ಕಡತಕ್ಕೆ ಸೇರಿಸಿ, ಸಿಟ್ಟಿನಲ್ಲೇ ಹೊರಟೆ. ಆದರೆ ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದಾಗ, ಮುಂದೂಡಿಕೆಯೆಂಬುದು ನನಗೆ ಹೊಸದೇನೂ ಅಲ್ಲವೆಂದು ಹೊಳೆಯಿತು. ನಮ್ಮ ಶಾಲೆಗೆ ಮೇಲಧಿಕಾರಿಗಳ ಭೇಟಿ ನಿಗದಿಯಾಗಿ, ಮುಂದಕ್ಕೆ ಹೋಗಿ, ಮತ್ತೆ ನಿಗದಿಯಾಗಿ, ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ ಅವರು ಬಂದಿಳಿದಾಗ ಸ್ವಾಗತಗೀತೆ ಹಾಡಬೇಕಿದ್ದ ಹುಡುಗಿ ಹತ್ತನೆಯ ತರಗತಿ ಪಾಸಾಗಿ ಕಾಲೇಜು ಸೇರಿದ್ದಳು. ಪ್ರತಿಯೊಂದು ಮುಂದೂಡಿಕೆಯ ಸುದ್ದಿ ಬಂದಾಗಲೂ ನಾವು ಶಿಕ್ಷಕರೆಲ್ಲ ಚಹ ತರಿಸಿ ಕುಡಿದಿದ್ದೆವು. ಇನ್ನೊಂದು ಕಚೇರಿಯಲ್ಲಿ ಗುಮಾಸ್ತರ ಕುರ್ಚಿಯ ಬೆನ್ನಿಗೆ ಒಂದು ಕೈಚೀಲ ತೂಗುತ್ತಿರುತ್ತಿತ್ತು. ‘ಸಾಹೇಬ್ರು ಅದಾರ್ರಿ, ಚೀಲ ಕಾಣವಲ್ದೇನು?’ ಎಂದು ಜವಾನ ಹೇಳಿದರೆ ನಾನು ಆ ಚೀಲಕ್ಕೆ ಗೌರವ ಕೊಟ್ಟು ಗಂಟೆಗಟ್ಟಲೆ ಕಾದವನೇ. ಆಗ ನನಗೆ ಆಘಾತವಾಗಿರಲಿಲ್ಲ. ಅಲ್ಲಿ ಯಾರ ಕಣ್ಣೂ ಮಂಜಾಗುತ್ತಿರಲಿಲ್ಲವಲ್ಲ.

ದೀಪಾವಳಿ ಕಳೆದ ಮೇಲೆ ರುದ್ರಪ್ಪನೇ ಫೋನು ಮಾಡಿದ. ‘ಮಾಸ್ತರ್ರ, ಈ ಸೋಮವಾರ ಡಾಕ್ಟರ್ ಬಾಯಾರು ಹತ್ತ ಮಂದಿಗೆ ಅಷ್ಟ ತಾರೀಖು ಕೊಡ್ತಾರಂತ. ಅದ ಗುರುವಾರ ಆಪ್ರೇಶನ್. ಆಮ್ಯಾಲ ಅವರು ಟ್ರೇನಿಂಗಿಗೆ ಹೊಕ್ಕಾರ, ಬರೂದು ಸಂಕ್ರಾಂತಿ ಆಚೆ. ಲಗೂ ಬರ್ರಿ. ಈ ಸಲ ತಪ್ಪಬ್ಯಾಡ್ರಿ.’ ಅಕ್ಕನಿಗೆ ತಿಳಿಸಿದೆ. ‘ನಾ ಮೊದಲನೇ ಬಸ್ಸಿಗೆ ಹೋಗಿರ್ತೇನಿ, ನೀ ನಿನ್ನ ಹೊತ್ತಿಗೆ ಬಾ’ ಎಂದಳು. ‘ಒಬ್ಬಳೇ ಹೆಂಗ ಬರ್ತೀ? ಕಣ್ಣು ಕಾಣಸ್ತೈತೇನು?’ ಎಂದೆ. ‘ಬಸ್ ದೊಡ್ಡದಿರ್ತೈತಿ ಬಿಡೋ, ಕಾಣಸ್ತೈತಿ’ ಎಂದು ಫೋನು ಇಟ್ಟಳು.

ಸೋಮವಾರ ಏಳೂವರೆಗೆ ಆಸ್ಪತ್ರೆಯ ಮೊದಲ ಮಹಡಿಗೆ ಏರಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಧರಿಸಿದ್ದೆ, ಕಂಕುಳಲ್ಲಿ ಕಡತವಿತ್ತು, ಮುಂದೂಡಿಕೆಯ ಕುರಿತು ಡಾಕ್ಟರಿಗೆ ಹೇಳಬೇಕಾದ ಎರಡು ವಾಕ್ಯಗಳನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕನೂ ಕಾಣಲಿಲ್ಲ; ಅವಳ ಬಸ್ಸು ತಡವಾಗಿರಬೇಕೆಂದುಕೊಂಡೆ. ಡಾಕ್ಟರ ಕೋಣೆಯ ಬಾಗಿಲಿಗೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕ ತೂಗುತ್ತಿತ್ತು. ಅದರ ಬುಡದಿಂದ ಮೆಟ್ಟಿಲವರೆಗೆ ನೆಲದ ಮೇಲೆ ನಾನು ಕಂಡ ದೃಶ್ಯವನ್ನು ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ಒಂದು ಬಟ್ಟೆಯ ಚೀಲ. ಅದರ ಹಿಂದೆ ಒಂದು ಚಪ್ಪಲಿ. ಅದರ ಹಿಂದೆ ಒಂದು ಕಲ್ಲು. ಆಮೇಲೆ ನೀರಿನ ಬಾಟಲಿ, ಮಡಚಿದ ಟವೆಲ್ಲು, ಮತ್ತೊಂದು ಚಪ್ಪಲಿ, ಮುರಿದ ಇಟ್ಟಿಗೆ, ಬುತ್ತಿಯ ಡಬ್ಬಿ, ಕಡ್ಡಿ ಕಿತ್ತ ಛತ್ರಿ. ಹೀಗೆ ಹಾವು ಹರಿದಂತೆ ಡೊಂಕಾಗಿ ಇಪ್ಪತ್ತೈದು ಮೂವತ್ತು ವಸ್ತುಗಳು. ಸಾರ್ವಜನಿಕ ಆಸ್ಪತ್ರೆಯ ನೆಲ! ಕಣ್ಣಿನ ಚಿಕಿತ್ಸೆಯ ಜಾಗ! ರೋಗಿಗಳು ಎಡವಿ ಬಿದ್ದರೆ ಹೊಣೆ ಯಾರು?

ಇಲ್ಲಿ ನನ್ನದೊಂದು ನ್ಯೂನತೆಯನ್ನು ಒಪ್ಪಿಕೊಳ್ಳಬೇಕು. ನಾನು ಜೀವನದಲ್ಲಿ ಸರದಿಯಲ್ಲಿ ನಿಂತವನಲ್ಲ. ಪಡಿತರದ ಅಂಗಡಿಗೆ ಸುಮಂಗಲಾ ಹೋಗುತ್ತಾಳೆ. ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಯಾರಾದರೊಬ್ಬ ಹಳೆಯ ವಿದ್ಯಾರ್ಥಿ ಎದ್ದು ಬಂದು, ‘ಸರ್, ಕುಂದ್ರಿ’ ಎಂದು ಕೆಲಸ ಮಾಡಿಕೊಡುತ್ತಾನೆ. ಆ ಆಸ್ಪತ್ರೆಯಲ್ಲೂ ಹಿಂದಿನ ಸಲಗಳಲ್ಲಿ ನಾನು ಬರುವುದರೊಳಗೆ ಬಾಗಿಲು ತೆರೆದು ಜನ ಒಳಗೆ ಕುಳಿತಿರುತ್ತಿದ್ದರು. ಹೀಗಾಗಿ ಆ ಡೊಂಕು ರೇಖೆಗೆ ಒಂದು ಅರ್ಥವಿರಬಹುದೆಂಬ ಸಂದೇಹವೇ ನನಗೆ ಬರಲಿಲ್ಲ. ಗಡಿಯಾರ ನೋಡಿಕೊಂಡು ಐದು ನಿಮಿಷ ಕಾದೆ. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಮೊದಲು ಚಪ್ಪಲಿಗಳನ್ನು ಆರಿಸಿ ಗೋಡೆಗೆ ಹಚ್ಚಿದೆ. ಒಟ್ಟು ಹನ್ನೊಂದು ಚಪ್ಪಲಿ, ಒಂದಕ್ಕೂ ಜೋಡಿಯಿಲ್ಲ. ಎರಡೂ ಕಾಲಿನ ಚಪ್ಪಲಿಯನ್ನು ಒಂದೇ ಕಡೆ ಬಿಡುವಷ್ಟು ಸಂಸ್ಕಾರವೂ ನಾಡಿನಲ್ಲಿ ಉಳಿಯಲಿಲ್ಲವೆ ಎಂದು ಮರುಗುತ್ತ, ಇದ್ದುದರಲ್ಲೇ ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿ ಮಾಡಿದೆ. ಚೀಲಗಳನ್ನು ಗಾತ್ರದ ಪ್ರಕಾರ ಕಿಟಕಿಯ ಕೆಳಗೆ ಇರಿಸಿದೆ. ಬಾಟಲಿಗಳನ್ನು ಎತ್ತರದ ಪ್ರಕಾರ ಕಿಟಕಿಯ ಕಟ್ಟೆಗೆ ಏರಿಸಿದೆ. ಕಲ್ಲು, ಇಟ್ಟಿಗೆಗಳನ್ನು ಮಾತ್ರ ಯಾವ ವರ್ಗಕ್ಕೂ ಸೇರಿಸಲಾಗದೆ ಕಿಟಕಿಯಿಂದ ಕೆಳಗಿನ ಕೈತೋಟಕ್ಕೆ ಹಾಕಿದೆ. ಹನ್ನೆರಡು ನಿಮಿಷಗಳಲ್ಲಿ ಪಡಸಾಲೆ ಪಡಸಾಲೆಯಂತಾಯಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಿವೃತ್ತಿಯ ನಂತರ ಅಂಥ ತೃಪ್ತಿ ಸಿಕ್ಕಿರಲಿಲ್ಲ.

ಕೀಲಿಕೈ ಕುಣಿಸುತ್ತ ಬಂದ ರುದ್ರಪ್ಪ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ.

‘ಯಾರ್ರೀ ಇದನ್ನ ಮಾಡಿದವ್ರು?’

‘ನಾನೇ’ ಎಂದೆ, ಹೆಮ್ಮೆಯಿಂದಲೇ ಎಂದೆ.

‘ಪಾಳೇಕ್ಕ ಕೈ ಹಚ್ಚಿದ್ರೇನ್ರಿ? ನಸುಕಿನ್ಯಾಗ ಬಂದು ಇಟ್ಟ ಪಾಳೇರಿ ಅದು! ನಿಂದ್ರಾಕ ಆಗೂದಿಲ್ಲಂತ ತಮ್ಮ ತಮ್ಮ ಸಾಮಾನು ಇಟ್ಟು, ಕೆಳಗ ಬೇವಿನ ಗಿಡದ ಬುಡಕ ಬಿಸಲು ಕಾಯ್ಸಾಕತ್ತಾರ. ಅಯ್ಯ ಮಾಸ್ತರ್ರ, ಎಂಥಾ ಕೆಲಸ ಮಾಡಿದ್ರಿ!’

ನನ್ನ ಕಂಕುಳಿನ ಕಡತ ಜಾರಿತು. ಅದು ಬಿದ್ದ ಸಪ್ಪಳಕ್ಕೋ ಏನೋ, ಕೆಳಗಿನಿಂದ ಜನ ಮೇಲೇರತೊಡಗಿದರು. ಎಲ್ಲರಿಗಿಂತ ಮುಂದೆ ಬಂದವಳು ಕುಪ್ಪೇಲೂರಿನ ಫಕ್ಕೀರವ್ವ. ಎಪ್ಪತ್ತರ ಹತ್ತಿರದ ಮುದುಕಿ, ಧ್ವನಿ ಮಾತ್ರ ಇಪ್ಪತ್ತರದು. ‘ನನ್ನ ಚೀಲ ಮೊದಲನೇದು! ಅದ್ಯಾಕ ಅಲ್ಲಿ ಮೂಲ್ಯಾಗ ಹೋಗಿ ಕುಂತೈತಿ?’ ಎಂದು ಆಕೆ ಕೂಗಿದ್ದೇ ತಡ, ಪಡಸಾಲೆ ಸಂತೆಯಾಯಿತು. ‘ನನ್ನ ಚಪ್ಪಲಿ ಜೋಡಿ ಬ್ಯಾರೇದವ್ರ ಚಪ್ಪಲಿ ಯಾಕೈತಿ?’ ‘ನನ್ನ ಇಟ್ಟಂಗಿ ಎಲ್ಲೈತ್ರಿ?’ ‘ಹತ್ತ ಮಂದಿಗೆ ಅಷ್ಟ ತಾರೀಖು, ಈಗ ಹತ್ತ ಮಂದಿ ಯಾರು?’ ಕರ್ಜಗಿಯಿಂದ ತಂದೆಯನ್ನು ಕರೆತಂದಿದ್ದ ದಪ್ಪ ಮೀಸೆಯವನೊಬ್ಬ ಬಾಟಲಿಗಳ ಸಾಲನ್ನು ದಿಟ್ಟಿಸಿ ನೋಡಿ, ‘ಸಾಲಿಯೊಳಗ ಹುಡುಗರ್ನ ನಿಂದ್ರಿಸಿದಂಗ ನಿಂದ್ರಿಸ್ಯಾರ ನೋಡ್ರಪಾ. ಗಿಡ್ಡನ್ನವು ಮುಂದ, ಉದ್ದನ್ನವು ಹಿಂದ. ಪ್ರಾರ್ಥನಾ ಒಂದ ಬಾಕಿ ಐತಿ’ ಎಂದ. ನಗು, ಬೈಗುಳ ಎರಡೂ ಒಟ್ಟಿಗೆ ಎದ್ದವು. ‘ದಯವಿಟ್ಟು ಎಲ್ಲರೂ ಶಾಂತರಾಗಬೇಕು, ಒಬ್ಬೊಬ್ಬರಾಗಿ ತಮ್ಮ ಹೆಸರನ್ನು ತಿಳಿಸಿದರೆ ನಾನೊಂದು ಹಾಜರಿಪಟ್ಟಿ...’ ಎಂದು ನಾನು ಆರಂಭಿಸಿದ ವಾಕ್ಯ ಕ್ರಿಯಾಪದವನ್ನು ತಲುಪಲೇ ಇಲ್ಲ.

ಅಚ್ಚರಿಯೆಂದರೆ, ನಾನಿಲ್ಲದೆಯೇ ಆ ಪಾಳಿ ಮತ್ತೆ ಕಟ್ಟಿಕೊಂಡಿತು. ‘ನನ್ನ ಹಿಂದ ಈ ಮುದುಕಪ್ಪ ಇದ್ದ.’ ‘ನನ್ನ ಮುಂದ ಕೆಂಪು ಸೀರಿ ಅಕ್ಕ ಇದ್ಲು.’ ಹೆಚ್ಚಿನವರಿಗೆ ತಮ್ಮ ಮುಂದಿನವರ, ಹಿಂದಿನವರ ಗುರುತು ನೆನಪಿತ್ತು. ಅಷ್ಟೇ ಸಾಕಾಯಿತು, ಐದೇ ನಿಮಿಷಗಳಲ್ಲಿ ಜನ ಮಣಿ ಪೋಣಿಸಿದಂತೆ ನಿಂತರು. ನಾನು ಕೆಡಿಸಿದ್ದು ಸಾಮಾನುಗಳನ್ನಷ್ಟೇ ಎಂದು ಉಸಿರು ಬಿಡುತ್ತಿರುವಾಗ ಮೆಟ್ಟಿಲ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡುತ್ತ, ಅಕ್ಕ ಮೇಲೆ ಬಂದಳು.

‘ನಾ ಮೂರನೇದಾಕಿ. ನನ್ನ ಕಲ್ಲು ಎಲ್ಲೈತಿ?’ ಎಂದಳು.

ಅವಳು ರುದ್ರಪ್ಪನ ಧ್ವನಿಯಿದ್ದ ಕಡೆ ತಿರುಗಿ, ‘ಈಗ ಸ್ವಲ್ಪ ಮುಂಚೆ ಕಾಲು ತೊಳಕೊಂಡು ಒಮ್ಮೆ ಮ್ಯಾಲೆ ಬಂದು ನೋಡಿದ್ನೆಪಾ. ಬಿಳಿ ಅಂಗಿಯವ ಒಬ್ಬಾವ ಬಗ್ಗಿ ಬಗ್ಗಿ ಕಸಾ ತಗೀತಿದ್ದ. ದವಾಖಾನಿ ಕಸದವ ಇರಬೇಕು, ಅವಗ ಗೊತ್ತಿರ್ತೈತಿ ಅಂತ ಸುಮ್ನ ಕೆಳಗ ಹೋದ್ನಿ’ ಎಂದಳು.

ಆ ಕ್ಷಣದಲ್ಲಿ ನನಗಾದ ಆಘಾತಕ್ಕೆ ಹಿಂದಿನ ಆಘಾತಗಳೆಲ್ಲ ಸೇರಿದರೂ ಸಮನಾಗವು. ಮೆಟ್ಟಿಲಿನಿಂದ ಕಿಟಕಿಗೆ ಹತ್ತು ಹೆಜ್ಜೆಯೂ ಇಲ್ಲ. ಅವಳು ನನ್ನನ್ನು ಎತ್ತಿ ಆಡಿಸಿದವಳು. ಜಾತ್ರೆಯ ನೂಕುನುಗ್ಗಲಿನಲ್ಲೂ ನನ್ನ ನಡಿಗೆ ಗುರುತಿಸಿ ಕರೆಯುತ್ತಿದ್ದವಳು. ಹತ್ತು ಹೆಜ್ಜೆ ದೂರದಲ್ಲಿ, ಹಾಡುಹಗಲಿನಲ್ಲಿ, ಅವಳಿಗೆ ನಾನು ಒಂದು ಬಿಳಿ ಅಂಗಿಯಾಗಿದ್ದೆ, ಅಷ್ಟೇ.

‘ಅಕ್ಕಾ, ಅದು ನಾನ’ ಎಂದೆ.

ಒಪ್ಪಿಕೊಂಡದ್ದೇ ತಪ್ಪಾಯಿತು. ಮೀಸೆಯವನು ಹಾರಿ ಮುಂದೆ ಬಂದ. ‘ಓಹೋ! ಅಕ್ಕ ತಮ್ಮ ಏನು? ಈಗ ತಿಳೀತು. ಅಕ್ಕನ್ನ ಮುಂದ ಸೇರ್ಸಾಕ ಇಡೀ ಪಾಳೇನ ಕೆಡಿಸ್ಯಾರ! ನಮ್ಮಪ್ಪ ಹನ್ನೊಂದನೇದಾವ್ರಿ. ಈಕಿನ್ನ ಬಿಟ್ರ ಹತ್ತನೇದಾವ ಆಕ್ಕಾನ. ಮೂರನೇ ನಂಬರ್ ಅನ್ನಾಕ ಸಾಕ್ಷಿ ಏನೈತಿ?’

‘ನನ್ನ ಹಿಂದ ಚಪ್ಪಲಿ, ಚಪ್ಪಲಿ ಹಿಂದ ಕಲ್ಲು ಇತ್ತಪಾ, ಖರೇ’ ಎಂದಳು ಫಕ್ಕೀರವ್ವ. ‘ಆದ್ರ ಕತ್ತಲಾಗ ಕಲ್ಲು ಯಾರದಂತ ನಾ ನೋಡಿಲ್ಲ, ಚಪ್ಪಲಿಯವ್ರೂ ಬಾಟ್ಲಿಯವ್ರೂ ನೋಡಿಲ್ಲ. ಸುಳ್ಳ ಹೇಳಲಿ?’

ಅಕ್ಕ ಸೆರಗು ಸರಿಪಡಿಸಿಕೊಂಡು, ‘ಜಗಳ ಬ್ಯಾಡ್ರೆವಾ. ನಾ ಕಡೇಕ ನಿಲ್ತೇನಿ’ ಎಂದು ಗೋಡೆ ಹಿಡಿದು ಹಿಂದಕ್ಕೆ ನಡೆಯತೊಡಗಿದಳು. ಕಡೆಯೆಂದರೆ ಇಪ್ಪತ್ತೆಂಟನೆಯದು. ಇಪ್ಪತ್ತೆಂಟೆಂದರೆ ಸಂಕ್ರಾಂತಿಯ ಆಚೆ. ಸಂಕ್ರಾಂತಿಯ ಆಚೆಯೆಂದರೆ ಅಂಗಳದಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳು. ಆಗ ಫಕ್ಕೀರವ್ವ ಆಕೆಯ ಕೈ ಹಿಡಿದು ನಿಲ್ಲಿಸಿ ಕೇಳಿದಳು: ‘ನಿನ್ನ ಕಲ್ಲ ಹೆಂಗಿತ್ತು ಹೇಳು.’

‘ಒಂದ ಮಗ್ಗಲು ಚಪ್ಪಟಿ. ಇನ್ನೊಂದ ಮಗ್ಗಲಿಗೆ ಹೆಬ್ಬಟ್ಟು ಕೂಡೂವಷ್ಟು ಕುಳಿ. ಗೇಟಿನ ಹತ್ರ ಕೈಯಾಡ್ಸಿ ಆರಿಸಿ ತಂದಿದ್ನಿ.’

‘ಮಾಸ್ತರ್ರ’ ಎಂದ ಮೀಸೆಯವನು, ‘ಒಗದವ್ರು ನೀವ. ನೀವ ಹುಡುಕಿ ತರ್ರಿ. ಆಕಿ ಹೇಳಿದಂಥಾದ್ದ ಸಿಕ್ಕರ ನಾ ಮಾತಾಡೂದಿಲ್ಲ.’

ನಾನು ಕೆಳಗಿಳಿದು ಕೈತೋಟವನ್ನು ಹೊಕ್ಕೆ. ಆ ತೋಟದಲ್ಲಿ ಗಿಡಗಳಿಗಿಂತ ಕಲ್ಲುಗಳೇ ಹೆಚ್ಚು ಹುಲುಸಾಗಿ ಬೆಳೆದಿದ್ದವು. ಇಸ್ತ್ರಿಯ ಅಂಗಿಯ ತೋಳು ಮಡಚಿ, ಮಂಡಿಯೂರಿ, ದಾಸವಾಳದ ಬುಡದಲ್ಲಿ ತಡಕಾಡತೊಡಗಿದೆ. ಮೇಲಿನ ಕಿಟಕಿಯಲ್ಲಿ ಇಪ್ಪತ್ತು ತಲೆಗಳು. ‘ಎಡಕ್ಕ, ಎಡಕ್ಕ ಮಾಸ್ತರ್ರ!’ ‘ಅದಲ್ರಿ, ಅದು ಗ್ರಾನೈಟು!’ ‘ನನ್ನ ಇಟ್ಟಂಗೀನೂ ತರ್ರಿ ಬರೂ ಮುಂದ!’ ಪೊರೆ ಬಂದ ಕಣ್ಣುಗಳು ಅಷ್ಟು ದೂರದಿಂದ ಏನನ್ನು ಕಂಡು ನಿರ್ದೇಶನ ಕೊಡುತ್ತಿದ್ದವೋ ನನಗೆ ಇಂದಿಗೂ ತಿಳಿಯದು. ಹತ್ತು ನಿಮಿಷಗಳ ನಂತರ ಮಣ್ಣಾದ ಮಡಿಲಿನಲ್ಲಿ ಐದು ಕಲ್ಲು, ಒಂದು ಇಟ್ಟಿಗೆ ಹೊತ್ತು ಮೇಲೆ ಬಂದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಒಂದೊಂದೇ ಕಲ್ಲನ್ನು ಬೊಗಸೆಯಲ್ಲಿ ಹೊರಳಿಸಿ, ಬೆರಳ ತುದಿಯಿಂದ ಸವರಿ, ‘ಇದಲ್ಲ... ಇದಲ್ಲ’ ಎಂದು ಹಿಂದಕ್ಕೆ ಹಾಕತೊಡಗಿದಳು. ನಾಲ್ಕನೆಯದಕ್ಕೆ ಅವಳ ಹೆಬ್ಬೆರಳು ಕುಳಿಯಲ್ಲಿ ಕೂತಿತು. ‘ಇದ ನಂದು’ ಎಂದು ಮೀಸೆಯವನ ಕೈಗೆ ಕೊಟ್ಟಳು. ಅವನು ತಿರುಗಿಸಿ ನೋಡಿದ. ಒಂದು ಮಗ್ಗುಲು ಚಪ್ಪಟೆ. ‘ಕಣ್ಣು ಕಾಣದಾಕಿ ಹೆಂಗ ಗುರುತು ಹಿಡದೆವಾ?’ ಎಂದು ಕೇಳಿದ. ‘ವರ್ಷೊಪ್ಪತ್ತಿನಿಂದ ಕಾಯೀನೂ ಹಿಂಗ ಕೈಲೆ ಆರಸ್ತಿದ್ನೆಪಾ. ಸುಕ್ಕು ಬೆರಳಿಗೆ ತಿಳೀತೈತಿ. ಬಣ್ಣ ತಿಳೀಲಿಲ್ಲ, ಅಲ್ಲೇ ಸಿಕ್ಕಿಬಿದ್ನಿ’ ಎಂದು ಅಕ್ಕ ನಕ್ಕಳು. ಮೀಸೆಯವನು ನಗಲಿಲ್ಲ. ಕಲ್ಲನ್ನು ತಾನೇ ಒಯ್ದು ಮೂರನೆಯ ಸ್ಥಾನದಲ್ಲಿಟ್ಟು, ‘ಬಾ ಅಕ್ಕಾ, ನಿಂದ್ರು’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಮಾತ್ರ ಏನೂ ಮುಟ್ಟಬ್ಯಾಡ್ರಿ. ಕೈ ಕಟ್ಟಿ ನಿಂದ್ರಿ’ ಎಂದ. ಇಪ್ಪತ್ತಾರು ವರ್ಷ ನಾನು ಮಕ್ಕಳಿಗೆ ಹೇಳಿದ ಮಾತದು. ಕೈ ಕಟ್ಟಿ ನಿಂತೆ.

ಮೂರನೆಯ ಪಾಳಿ ಬಂದಾಗ ಅಕ್ಕನೊಂದಿಗೆ ಒಳಗೆ ಹೋದೆ. ರುದ್ರಪ್ಪ ಹೇಳಿದ ‘ಡಾಕ್ಟರ್ ಬಾಯಾರು’ ಮೈಸೂರಿನ ಕಡೆಯ ತರುಣಿ. ಕೈ ಕಟ್ಟಿದ್ದರೂ ಬಾಯಿ ಕಟ್ಟಿರಲಿಲ್ಲವಾದ್ದರಿಂದ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳಿಯೇಬಿಟ್ಟೆ: ‘ತಾವು ಲಿಖಿತವಾಗಿ ನೀಡಿದ ದಿನಾಂಕವನ್ನು ಮೂರು ಬಾರಿ ಮುಂದೂಡಿದ್ದೀರಿ. ಒಂದು ಕುಟುಂಬದ ಹಿರಿಯಳ ದೃಷ್ಟಿಯೊಂದಿಗೆ ಹೀಗೆ ಚೆಲ್ಲಾಟವಾಡುವುದು ನಾಗರಿಕ ಸಮಾಜಕ್ಕೆ ಶೋಭಿಸುವ ಸಂಗತಿಯಲ್ಲ.’ ಆ ಹುಡುಗಿ ವಾದಿಸಲಿಲ್ಲ. ‘ನಿಜ ಸರ್, ತಪ್ಪಾಗಿದೆ. ಇಲ್ಲಿರುವುದು ನಾನೊಬ್ಬಳೇ. ಕ್ಷಮಿಸಿ’ ಎಂದಳು. ನಾನು ಗೆದ್ದವನಂತೆ ಕುಳಿತೆ. ಅವಳು ಅಕ್ಕನ ಕಣ್ಣಿಗೆ ದೀಪ ಹಿಡಿದು ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿದಳು.

‘ಪೊರೆ ಪೂರ್ತಿ ಬಲಿತುಬಿಟ್ಟಿದೆ ಅಮ್ಮಾ. ಇದು ಎರಡು ತಿಂಗಳಲ್ಲಿ ಆಗಿದ್ದಲ್ಲ. ಇಷ್ಟು ದಿನ ಯಾಕೆ ಬಿಟ್ಟಿರಿ? ಮನೆಯವರಿಗೆ ಹೇಳಿರಲಿಲ್ವಾ?’

‘ಹೇಳೇನ್ರೀ ಬಾಯಾರ’ ಎಂದಳು ಅಕ್ಕ, ನನ್ನ ಪರವಾಗಿ ಸಾಕ್ಷಿ ನುಡಿಯುವ ಪ್ರೀತಿಯಿಂದ. ‘ಹೋದ ಸೀಸನ್ ಮುಗದ ಕೂಡ್ಲೇ ನಮ್ಮ ತಮ್ಮಗ ಹೇಳಿದ್ನಿ. ಪರೀಕ್ಷಾ ಪೇಪರ್ ತಿದ್ದೂದೈತಿ, ಯುಗಾದಿ ಆಗ್ಲಿ ಅಂದ. ಯುಗಾದಿ ಆತು. ಬಿಸಲು ಭಾಳ ಐತಿ, ಕಡಿಮಿ ಆಗ್ಲಿ ಅಂದ. ಮಳಿ ಹಿಡೀತು. ಮಳ್ಯಾಗ ಕಣ್ಣು ಮಾಡಿಸಬಾರ್ದು ಅಂದ. ಆಮ್ಯಾಲ ರಿಟೈರ್ಡ್ ಆಗೂ ಗದ್ದಲಾ. ಶ್ರಾವಣ ಕಳೀಲಿ ಅಂದ, ಗಣಪ್ಪ ಹೋಗ್ಲಿ ಅಂದ. ಅವಂದೇನೂ ತಪ್ಪಿಲ್ರಿ ಬಾಯಾರ, ಅವ ಸುಮ್ನ ಕುಂತಿದ್ದಿಲ್ಲ. ಫೈಲ್ ಮಾಡಾಕತ್ತಿದ್ದ.’

ಡಾಕ್ಟರು ನನ್ನ ತೊಡೆಯ ಮೇಲಿದ್ದ ಕಡತದ ಕಡೆ ಒಮ್ಮೆ, ಮಣ್ಣು ಮೆತ್ತಿದ ನನ್ನ ಮಂಡಿಯ ಕಡೆ ಒಮ್ಮೆ ನೋಡಿದಳು. ಅವರ ಮುಂದೂಡಿಕೆ ಮೂರು. ನನ್ನದು ಆರು. ಅವರಾದರೂ ಪ್ರತಿ ಸಲ ಒಂದು ದಿನಾಂಕ ಬರೆದುಕೊಟ್ಟಿದ್ದರು. ನಾನು ಅದನ್ನೂ ಕೊಟ್ಟಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ರುದ್ರಪ್ಪ ಮೆಲ್ಲಗೆ ಕೆಮ್ಮಿದ.

ಗುರುವಾರ, ಚೀಟಿಯಲ್ಲಿ ಬರೆದ ಹೊತ್ತಿಗೇ, ಬಲಗಣ್ಣಿನ ಚಿಕಿತ್ಸೆಯಾಯಿತು. ಒಂದೂವರೆ ತಿಂಗಳು ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಸಂಕ್ರಾಂತಿಯ ಮರುದಿನ ಬ್ಯಾಡಗಿಯ ಅಂಗಳದಲ್ಲಿ ತನ್ನ ಜಾಗದಲ್ಲಿ ಕುಳಿತು, ಪಕ್ಕದವಳು ಆರಿಸಿ ಮುಗಿಸಿದ್ದ ರಾಶಿಯಿಂದ ಏಳು ಬಿಳಿಚಿದ ಕಾಯಿ ಹೆಕ್ಕಿ ಅವಳ ಮಡಿಲಿಗೆ ಹಾಕಿದಳಂತೆ. ಸಾಹುಕಾರರು ಮತ್ತೆ ಯಾರ ಹೆಸರನ್ನೂ ಎತ್ತಲಿಲ್ಲ. ಈ ಪ್ರಸಂಗವನ್ನು ನಾನು ಕಂಡಕಂಡವರಿಗೆ ಹೇಳುತ್ತ, ಮುಂದೂಡುವವರ ಮೇಲೆ ಉಪನ್ಯಾಸ ಕೊಡುತ್ತ, ಮನುಷ್ಯ ತನ್ನ ತಪ್ಪನ್ನು ತಿದ್ದಿಕೊಳ್ಳಬಲ್ಲನೆಂಬುದಕ್ಕೆ ನನ್ನನ್ನೇ ಉದಾಹರಣೆಯಾಗಿ ಕೊಡುತ್ತ ಕೆಲವು ತಿಂಗಳು ಕಳೆದೆ.

ಮೊನ್ನೆ ಅಕ್ಕ ಫೋನು ಮಾಡಿದಳು. ‘ಸೀಸನ್ ಮುಗೀತೋ. ಇನ್ನ ಎಡಗಣ್ಣು ಮಾಡಿಸ್ಬೇಕು. ಯಾವಾಗ ಹೋಗೂಣು?’

‘ಬಿಸಲು ಭಾಳ ಐತಿ ಅಕ್ಕಾ. ಸ್ವಲ್ಪ ಕಡಿಮಿ ಆಗ್ಲಿ’ ಎಂದೆ.

ಹೇಳಿದವನು ನಾನೇ. ನನ್ನ ಬಾಯಿಯೇ. ನನ್ನ ಕಿವಿಯಾರೆ ಕೇಳಿ ನಾನೇ ಬೆಚ್ಚಿಬಿದ್ದೆ. ಆ ಕಡೆಯಿಂದ ಅಕ್ಕ ಕೇಳಿದಳು:

‘ಯಾವ ವರ್ಷದ ಬಿಸಲೋ?’

ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದೆ. ಹಾಲಿನ ಲೆಕ್ಕ ಬಿಟ್ಟರೆ ಆ ತಿಂಗಳಿಡೀ ಖಾಲಿಯಿತ್ತು.